ಪ್ರೇಮಗೀತೆಯೆಂದು ಹಾಡಿದರು, ಅತ್ತೆ ಎದ್ದು ಹೋದರು

ಧಾರವಾಡದ ಓದುಗಿ (ಪ್ರಶ್ನೆ):

ಹೋದ ತಿಂಗಳು ನಮ್ಮ ಮನೆತನದ ಒಂದು ಮದುವೆ. ಆರತಕ್ಷತೆಯಲ್ಲಿ ಹಾಡುವ ಹುಡುಗನೊಬ್ಬ ಮದುಮಕ್ಕಳ ಕಡೆ ಕೈ ತೋರಿಸಿ, ನಗುತ್ತ, ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಎತ್ತಿಕೊಂಡ. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ಸೋದರತ್ತೆ ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ಹೋದರು. ನಲವತ್ತು ವರ್ಷಗಳ ಹಿಂದೆ ಅವರ ಒಂಬತ್ತು ತಿಂಗಳ ಮಗು ಜ್ವರ ಬಂದು ತೀರಿಕೊಂಡಿತ್ತು.

ಕಾಲೇಜಿನಲ್ಲಿ ನಾನೂ ಅದನ್ನು ಪ್ರೇಮಗೀತೆಯೆಂದೇ ಹಾಡಿ ಬಹುಮಾನ ತಂದವಳು. ಕೂಸನ್ನು ಕಳೆದುಕೊಂಡ ತಂದೆ, ಹೆಂಡತಿಯ ಕಣ್ಣನ್ನು ಎದುರಿಸಲಾರದೆ ಆಡುವ ಮಾತು ಅದು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬೇಂದ್ರೆಯವರು ಹಲವು ಮಕ್ಕಳನ್ನು ಕಳೆದುಕೊಂಡವರು. ಹಗಲಿನ ಮುಗಿಲಲ್ಲಿ ತೇಲುವ ಹುಣ್ಣಿಮೆಯ ಚಂದ್ರನನ್ನು ಆ ತಂದೆ ಹೆಣವೆಂದು ಕಾಣುವಲ್ಲಿಗೆ ಬಂದಾಗ ನನಗೆ ಗಂಟಲು ಕಟ್ಟುತ್ತದೆ. ಆದರೂ ರಾತ್ರಿ ಪಾತ್ರೆ ತೊಳೆಯುವಾಗ ಮೊಬೈಲಿನಲ್ಲಿ ಅದನ್ನೇ ಹಾಕಿಕೊಳ್ಳುತ್ತೇನೆ. ನೋಯಿಸುವ ಹಾಡನ್ನು ನಾವು ಯಾಕೆ ಹುಡುಕಿಕೊಂಡು ಹೋಗುತ್ತೇವೆ? ನಿಮ್ಮನ್ನು ಹೀಗೆ ಹಿಡಿದುಕೊಂಡ ಹಾಡು ಯಾವುದು?

ಪೆಟ್ಟಿಗೆ ಮೇಷ್ಟ್ರು:

ನಾನು ಹಾರ್ಮೋನಿಯಂ ಕಲಿಸುತ್ತೇನೆ. ಮಕ್ಕಳಿಗೆ ಮೊದಲು ಮೋಹನ ರಾಗದ ಐದು ಸ್ವರಗಳನ್ನು ನುಡಿಸಿ ತೋರಿಸುತ್ತೇನೆ. ಹಿಂದೂಸ್ತಾನಿಯವರು ಭೂಪ್ ಎನ್ನುವುದೂ ಇದೇ ಐದನ್ನು. ಆಮೇಲೆ ಮೂರನೆಯದಾದ ಗಾಂಧಾರ (ಗ) ಒಂದನ್ನೇ ಒಂದು ಮನೆ ಕೆಳಗಿಳಿಸಿ ಕೋಮಲ ಮಾಡುತ್ತೇನೆ, ಉಳಿದ ನಾಲ್ಕನ್ನು ಮುಟ್ಟುವುದಿಲ್ಲ. ಅದು ಶಿವರಂಜನಿ ರಾಗ. ಎಂಟು ವರ್ಷದ ಮಕ್ಕಳೂ ಸುಮ್ಮನಾಗುತ್ತಾರೆ. ಒಬ್ಬಳು ‘ಸರ್, ಯಾರಿಗೆ ಏನಾಯಿತು?’ ಎಂದು ಕೇಳಿದ್ದಳು.

ಆದರೆ ಎಲ್ಲವೂ ಸ್ವರದಲ್ಲೇ ಇದೆ ಎಂದು ನಾನು ಒಪ್ಪುವುದಿಲ್ಲ. ಶಿವರಂಜನಿಯನ್ನೇ ಲಯ ಏರಿಸಿ ಕುಣಿಯುವ ಹಾಡು ಮಾಡಬಹುದು. ನಿಧಾನವಾಗಿ, ಪಂಚಮದಿಂದ ಆ ಗಾಂಧಾರಕ್ಕೆ ಜಾರಿ ಬಂದು ಅಲ್ಲೇ ನಿಂತಾಗ ಮಾತ್ರ ಅದು ಬಿಕ್ಕುವವರ ದನಿಯನ್ನು ಹೋಲುತ್ತದೆ. ಆರತಕ್ಷತೆಯಲ್ಲಿ ಆ ಪದ್ಯವನ್ನು ಓಡಿಸಿಯೇ ಹಾಡಿರಬೇಕು.

ಗದಗ ಸೀಮೆಯವಳು:

ನನ್ನದು ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ. ಅಜ್ಜಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದರು. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕೆಂದು ಗೊತ್ತಾಗುತ್ತದೆ. ಕೊನೆಗೆ ಮೆಟ್ಟಿಲು ಮೆಟ್ಟಿಲಿಗೂ ಗಂಗೆ ಏರಿಬರುವ ಭಾಗಕ್ಕೆ ಎಲ್ಲರೂ ಅಳುತ್ತಾರೆ. ನನಗೆ ಅಳು ಬರುವುದು ಅದಕ್ಕೂ ಬಹಳ ಮೊದಲೇ.

ಬಲಿಯ ವಿಷಯ ಗೊತ್ತಾದ ಮೇಲೆ ಅವಳು ತವರಿಗೆ ಹೋಗುತ್ತಾಳೆ. ಯಾಕೆ ಬಾಡಿದ್ದೀ ಎಂದು ಅಪ್ಪ ಕೇಳುತ್ತಾನೆ. ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಅಪ್ಪ, ಇಟ್ಟರೆ ಇಡಲಿ ಬಿಡು, ಹೊಲ ಮನೆ ನಾನು ಕೊಡುತ್ತೇನೆ ಎನ್ನುತ್ತಾನೆ. ಸಾಯಲು ಹೊರಟ ಮಗಳಿಗೆ ಹೊಲ! ನಿಜ ಹೇಳುವುದು ಗೆಳತಿಯ ಮುಂದೆ ಮಾತ್ರ. ಅಜ್ಜಿ ಅಪ್ಪನ ಆ ಸಾಲಿಗೆ ಬಂದಾಗ ಕಲ್ಲು ತಿರುಗಿಸುವುದನ್ನು ನಿಲ್ಲಿಸಿ ಮತ್ತೊಂದು ಹಿಡಿ ಜೋಳ ಹಾಕುತ್ತಿದ್ದರು. ಅವರೂ ಹನ್ನೆರಡು ವರ್ಷಕ್ಕೆ ಗಂಡನ ಮನೆಗೆ ಬಂದವರು. ತವರಿನಲ್ಲಿ ಏನೇನು ಹೇಳದೆ ಉಳಿಸಿಕೊಂಡರೋ. ಹಗಲೆಲ್ಲ ಅಳುವುದಕ್ಕೆ ಅವರಿಗೆ ಜಾಗವೇ ಇರಲಿಲ್ಲ, ಬೀಸುವ ಕಲ್ಲಿನ ಮುಂದೆ ಭಾಗೀರಥಿಯ ಹೆಸರಿನಲ್ಲಿ ಅಳಬಹುದಿತ್ತು. ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇದು.

ವಿಜಯಪುರದವ:

ಮೇಲಿನ ಮಾತು ನಿಜ. ನಮ್ಮಲ್ಲಿ ಮೊಹರಂನ ಕತ್ತಲ ರಾತ್ರಿ ಕರ್ಬಲಾದ ಶೋಕದ ಕಥೆ ಹೇಳುವ ರಿವಾಯತ್ ಪದ ಹಾಡುತ್ತಾರೆ, ಹಿಂದೂಗಳೂ ಮುಸ್ಲಿಮರೂ ಸೇರಿ, ಕನ್ನಡದಲ್ಲೇ. ಪ್ರವಾದಿಯವರ ಮೊಮ್ಮಗ ಹುಸೇನರು ಮಡಿದ ಆ ಕರ್ಬಲಾ ಕಾಳಗ ನಡೆದದ್ದು 680ರಲ್ಲಿ, ಎಲ್ಲಿಯೋ ಇರಾಕಿನಲ್ಲಿ. ನೀರಿಲ್ಲದೆ ಬಾಯಾರಿದ ಅವರ ಹಸುಗೂಸಿಗೆ ಬಾಣ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ಆ ನುಡಿಗೆ ನಮ್ಮ ತಂದೆ ಪ್ರತಿವರ್ಷ ಟವೆಲ್ ಮುಖಕ್ಕೆ ಒತ್ತಿಕೊಳ್ಳುತ್ತಿದ್ದರು. ಬರಗಾಲದಲ್ಲಿ ಎತ್ತುಗಳನ್ನು ಮಾರಿದ ದಿನವೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಧಾರವಾಡದ ಓದುಗಿ:

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರೇ, ನೀವು ಹೇಳಿದ್ದು ಸರಿ, ಓಡಿಸಿಯೇ ಹಾಡಿದ್ದರು.

ನಿನ್ನೆ ಅತ್ತೆಯ ಮನೆಗೆ ಹೋಗಿದ್ದೆ. ಧೈರ್ಯ ಮಾಡಿ, ‘ಅತ್ತೆ, ಅವತ್ತು ಆ ಹಾಡು ಕೇಳಲಾರದೆ ಎದ್ದುಬಂದಿರಾ?’ ಎಂದು ಕೇಳಿದೆ. ‘ಹಾಡಿಗೆ ಯಾಕೆ ಏಳಲಿ? ಮಲಗಿರುವ ಕೂಸಿನ ನುಡಿಯನ್ನೇ ಬಿಟ್ಟು ಹಾಡಿದನಲ್ಲ, ಅದಕ್ಕೆ ಎದ್ದೆ’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ನಿನಗೆ ಪೂರ್ತಿ ಬರುತ್ತದಲ್ಲ?’ ಎಂದು ಕೇಳಿದರು.

ಬಾಗಿಲು ಮುಂದೆ ಮಾಡಿ, ಅಡುಗೆಮನೆಯಲ್ಲಿ ಕುಳಿತು, ಒಂದು ನುಡಿಯನ್ನೂ ಬಿಡದೆ ಹಾಡಿದೆ. ಅತ್ತೆ ಹುರುಳಿಕಾಯಿ ಸೋಸುತ್ತಲೇ ಇದ್ದರು.