100 ಎಂಬಿಪಿಎಸ್ ಅಂದರೆ ಎಷ್ಟು ಹಳೇ ಮೋಡೆಮ್?

ಗುಬ್ಬಚ್ಚಿ_72:
ನಮ್ಮ ಮನೆಯ ಫೈಬರ್ 100 ಎಂಬಿಪಿಎಸ್. ವೈಫೈ ನಿಧಾನ ಅಂತ ಮಗಳು ಗೊಣಗುತ್ತಿದ್ದಳು. "ನಮ್ಮ ಕಾಲದಲ್ಲಿ ಒಂದು ಫೋಟೋ ಇಳಿಯೋದರೊಳಗೆ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು" ಅಂದೆ. "ಲೆಕ್ಕ ಹಾಕಿ ತೋರಿಸು" ಅಂದಳು, ಸಿಕ್ಕಿಹಾಕಿಕೊಂಡೆ. ಅವಳ ಫೋನಿನ ಒಂದು ಫೋಟೋ 3 ಎಂಬಿ. ಫೋನ್ ಲೈನಿನಲ್ಲಿ ಇಂಟರ್ನೆಟ್ ತರುತ್ತಿದ್ದ ನಮ್ಮ ಹಳೇ ಮೋಡೆಮ್ ಡಬ್ಬದ ಮೇಲೆ 56ಕೆ ಅಂತ ಇತ್ತು. 3000ನ್ನು 56ರಿಂದ ಭಾಗಿಸಿದರೆ 54 ಸೆಕೆಂಡು ಬರುತ್ತದೆ, ಇದಂತೂ ಖಂಡಿತ ಸುಳ್ಳು. ಆನ್‌ಲೈನ್ ಕನ್ವರ್ಟರ್ ಒಂದು ಏಳೂವರೆ ನಿಮಿಷ ಅನ್ನುತ್ತದೆ. ಅದೂ ಕಮ್ಮಿ ಅನಿಸುತ್ತಿದೆ, ಯಾಕೆಂದರೆ ಆಗ ಡೌನ್‌ಲೋಡ್ ಮಾಡುವಾಗ ಸೆಕೆಂಡಿಗೆ 5 ಕೆಬಿ ಚಿಲ್ಲರೆ ದಾಟಿದ್ದು ನೋಡಿದ ನೆನಪೇ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಬೆಂಕಿಪೊಟ್ಟಣ:
ನಿಮ್ಮ 54 ಸೆಕೆಂಡು ಬಿಟ್, ಬೈಟ್ ಗೊಂದಲ ಅಷ್ಟೇ. ಲೈನಿನ ವೇಗ ಹೇಳೋದು ಬಿಟ್‌ನಲ್ಲಿ, ಫೈಲಿನ ಗಾತ್ರ ಬೈಟ್‌ನಲ್ಲಿ, 8 ಬಿಟ್‌ಗೆ ಒಂದು ಬೈಟ್. ಇಂಗ್ಲಿಷ್‌ನಲ್ಲಿ ಚಿಕ್ಕ ಬಿ, ದೊಡ್ಡ ಬಿ ಅಂತ ಗುರುತು ಹಿಡಿಯಬಹುದು. ಕನ್ನಡದಲ್ಲಿ ಬರೆದರೆ ಎರಡೂ ಕೆಬಿಯೇ, ಅಲ್ಲೇ ಎಡವಟ್ಟು. ಜೊತೆಗೆ ಮೋಡೆಮ್‌ನವರ ಕಿಲೋ ಅಂದರೆ 1000, ವಿಂಡೋಸ್ ತೋರಿಸುವ ಕೆಬಿ 1024 ಬೈಟ್, ಎಂಬಿ 1024 ಕೆಬಿ. ಹಾಗಾಗಿ 3 ಎಂಬಿ ಅಂದರೆ 31,45,728 ಬೈಟ್. 8ರಿಂದ ಗುಣಿಸಿ 56,000ರಿಂದ ಭಾಗಿಸಿ, 449 ಸೆಕೆಂಡು ಬರುತ್ತದೆ. ಕನ್ವರ್ಟರ್ ಹೇಳಿದ ಏಳೂವರೆ ನಿಮಿಷ ಇದೇ. ಅದರ ಗಣಿತ ಸರಿ, ಹಿಡಿದ 56 ಸರಿ ಇಲ್ಲ.

ಕೆಫೆ_ಮಾವ:
ಹೌದು, 56 ಅನ್ನೋದು ಡಬ್ಬದ ಮೇಲಿನ ಮಾತು. ನಾನು ಸೈಬರ್ ಕೆಫೆ ಇಟ್ಟಿದ್ದವನು, 56 ಅಂತ ಕನೆಕ್ಟ್ ಆಗಿದ್ದು ಒಂದು ದಿನವೂ ನೋಡಿಲ್ಲ. ಟೆಲಿಫೋನ್ ಎಕ್ಸ್‌ಚೇಂಜ್ ನಿಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು ಪ್ರತಿ ಸಲ 8 ಬಿಟ್ ಮಾಡುತ್ತದೆ, ಒಟ್ಟು 64,000. ಅದರಲ್ಲಿ 7 ಬಿಟ್ ಮಾತ್ರ ನಂಬಬಹುದು ಅಂದುಕೊಂಡರೆ 56,000. ಇದು ಕಾಗದದ ಮೇಲೆ. ಅಮೆರಿಕದಲ್ಲಂತೂ ಲೈನಿಗೆ ಬಿಡುವ ಪವರ್‌ಗೆ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಮಿತಿ ಹಾಕಿತ್ತು, ಅಲ್ಲಿ 53,333ರ ಮೇಲೆ ಹೋಗುತ್ತಲೇ ಇರಲಿಲ್ಲ. ಆ ಕಿರ್ರ್ ಕೊಂಯ್ ಸದ್ದೆಲ್ಲ ಮುಗಿದ ಮೇಲೆ 44,000, 45,333, 46,667 ಅಂತ ವಿಚಿತ್ರ ಸಂಖ್ಯೆ ಬರುತ್ತಿತ್ತಲ್ವಾ? 56ಕೆ ಮೋಡೆಮ್‌ಗಳ 1998ರ ವಿ.90 ಸ್ಟ್ಯಾಂಡರ್ಡ್‌ನಲ್ಲಿ ವೇಗ ಹತ್ತಿ ಇಳಿಯೋದು 8000ದ ಆರನೇ ಒಂದು ಭಾಗದ ಮೆಟ್ಟಿಲಲ್ಲಿ, ಅಂದರೆ ಸುಮಾರು 1,333 ಬಿಟ್. ಇನ್ನು ದಾರಿ ಮಧ್ಯೆ ಸಿಗ್ನಲ್ ಮತ್ತೊಮ್ಮೆ ಅನಲಾಗ್ ಆಯಿತೋ, ವಿ.90 ಕತೆ ಮುಗಿಯಿತು, 33,600 ಸಿಕ್ಕಿದರೆ ಪುಣ್ಯ. ಅಪ್‌ಲೋಡ್ ಹೇಗೂ 33,600ಕ್ಕಿಂತ ಜಾಸ್ತಿ ಇರಲಿಲ್ಲ. ಮಳೆ ಬಂದರೆ ನನ್ನ ಲೈನು ಇನ್ನೂ ಕೆಳಗೆ ಬೀಳುತ್ತಿತ್ತು, ಗಿರಾಕಿಗಳು ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದರು, ಬೈಸಿಕೊಳ್ಳುತ್ತಿದ್ದವನು ನಾನು. 44,000 ಹಿಡಿದು ಲೆಕ್ಕ ಹಾಕಿ ಮೇಡಂ.

ಸುಮ್ನೆ_ಬಂದವ:
ಇಷ್ಟೆಲ್ಲ ಯಾಕೆ, 10ರಿಂದ ಭಾಗಿಸಿ ಸಾಕು. ಒಂದೊಂದು ಬೈಟ್‌ಗೂ ಅದರ ಶುರು, ಕೊನೆ ತೋರಿಸುವ ಸ್ಟಾರ್ಟ್ ಬಿಟ್, ಸ್ಟಾಪ್ ಬಿಟ್ ಸೇರಿ 10 ಬಿಟ್ ಹೋಗುತ್ತದೆ. 44,000ಕ್ಕೆ 4,400 ಬೈಟ್. ಅಂದಹಾಗೆ ನಮ್ಮ ಮನೇಲಿ 1,15,200 ಅಂತ ತೋರಿಸುತ್ತಿತ್ತು, ನಿಮ್ಮ ಲೈನುಗಳೇ ಸರಿ ಇರಲಿಲ್ಲ ಅನಿಸುತ್ತದೆ.

ಬೆಂಕಿಪೊಟ್ಟಣ:
ಹ್ಹಹ್ಹ, ಆ 1,15,200 ನಿಮ್ಮ ಕಂಪ್ಯೂಟರಿನಿಂದ ಮೋಡೆಮ್‌ವರೆಗಿನ ಸೀರಿಯಲ್ ವೈರಿನ ವೇಗ ಸಾರ್. ಒಂದೂವರೆ ಮೀಟರ್ ದೂರಕ್ಕೆ ಮಾತ್ರ. 10ರ ಲೆಕ್ಕವೂ ಆ ವೈರಿಗೇ ಸೇರಿದ್ದು. 300 ಬಿಟ್ ಮೋಡೆಮ್ ಕಾಲದಲ್ಲಿ ಫೋನ್ ಲೈನಿನಲ್ಲೂ ಹಾಗೇ ಹೋಗುತ್ತಿತ್ತು, ಸೆಕೆಂಡಿಗೆ 30 ಅಕ್ಷರ. ಆಮೇಲೆ ಬಂದ, ಲೈನಿನ ತಪ್ಪು ತಿದ್ದುವ ವಿ.42 ಸ್ಟ್ಯಾಂಡರ್ಡ್ ಸ್ಟಾರ್ಟ್, ಸ್ಟಾಪ್ ಬಿಟ್‌ಗಳನ್ನು ತೆಗೆದು ಕಳಿಸುತ್ತದೆ. ಆದ್ದರಿಂದ 8ರಿಂದಲೇ ಭಾಗಿಸಿ: 5,500 ಬೈಟ್. ಡೇಟಾದ ಒಂದೊಂದು ತುಂಡಿನ (ಪ್ಯಾಕೆಟ್) ಜೊತೆ ಹೋಗುವ ವಿಳಾಸ ಇತ್ಯಾದಿಗೆ ಅಂತ ನೂರಕ್ಕೆ ಮೂರ್ನಾಲ್ಕು ಕಳೆಯಿರಿ, 5,300 ಉಳಿಯುತ್ತದೆ. 1024ರ ಲೆಕ್ಕದಲ್ಲಿ 5.2 ಕೆಬಿ. ನಿಮಗೆ ನೆನಪಿರುವ "5 ಚಿಲ್ಲರೆ" ಇದೇ. ಮೋಡೆಮ್‌ನೊಳಗೇ ಕಂಪ್ರೆಷನ್ ಇತ್ತು ನಿಜ, ವಿ.42ಬಿಸ್, ಬರೀ ಅಕ್ಷರಗಳಿರುವ ಪುಟ ಅದರಿಂದ ಬೇಗ ಬರುತ್ತಿತ್ತು. ಜೆಪೆಗ್ ಫೋಟೋ ಮೊದಲೇ ಹಿಂಡಿ ಇಟ್ಟಿದ್ದು, ಅದನ್ನು ಇನ್ನೆಲ್ಲಿ ಹಿಂಡೋದು.

ಗುಬ್ಬಚ್ಚಿ_72:
ಎಲ್ಲರಿಗೂ ಥ್ಯಾಂಕ್ಸ್. 31,45,728ನ್ನು 5,300ರಿಂದ ಭಾಗಿಸಿದೆ, ಹತ್ತು ನಿಮಿಷಕ್ಕೆ ಆರೇಳು ಸೆಕೆಂಡು ಕಮ್ಮಿ. ಲೋಟ ತೊಳೆಯೋಕೆ ಧಾರಾಳ ಸಾಕು. ಫೈಬರ್‌ನಲ್ಲಿ ಅದೇ ಫೋಟೋಗೆ ಕಾಲು ಸೆಕೆಂಡು. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 10 ಕೋಟಿ ಬಿಟ್, ಅದನ್ನು 44,000ದಿಂದ ಭಾಗಿಸಿದರೆ ನಮ್ಮ ಮನೆಗೆ 2,273 ಮೋಡೆಮ್ ಬೇಕಿತ್ತು. ಮಗಳಿಗೆ ತೋರಿಸಿದೆ. "ಅಂದ್ರೆ 2,273 ಫೋನ್ ಲೈನ್ ಎಂಗೇಜ್, ಅಜ್ಜಿ ಫೋನ್ ಮಾಡಿದ್ರೆ?" ಅಂತ ಕೇಳಿದಳು. ಒಂದು ಲೈನ್ ಇದ್ದಾಗಲೇ ಅಜ್ಜಿ ಹತ್ತಿರ ಎಷ್ಟು ಬೈಸಿಕೊಂಡಿದ್ದೆ ಅಂತ ಅವಳಿಗೇನು ಗೊತ್ತು.