ಲಕ್ಷ್ಮೇಶ್ವರದ ಸುತ್ತಲಿನ ಕೆರೆಗಳು: ಹೆಬ್ಬಾತು ನೋಡಲು ಯಾವ ಹೊತ್ತು ಸರಿ?

ದಾವಣಗೆರೆಯವಳು
ಜನವರಿಯಲ್ಲಿ ಲಕ್ಷ್ಮೇಶ್ವರಕ್ಕೆ ಮದುವೆಗೆ ಬರುತ್ತಿದ್ದೇವೆ. ಮರುದಿನ ಬಿಡುವಿದೆ. ಮಾಗಡಿ ಕೆರೆಗೆ ಸೂರ್ಯ ಹುಟ್ಟುವ ಮೊದಲೇ ಹೋಗಿ ಹೆಬ್ಬಾತುಗಳನ್ನು ನೋಡುವ ಆಸೆ. ಜೊತೆಗೆ ಅಪ್ಪಾಜಿ ಇರುತ್ತಾರೆ, ಅವರಿಗೆ ಮಂಡಿನೋವು. ಕೆರೆಯನ್ನು ಪೂರ್ತಿ ಒಂದು ಸುತ್ತು ಹಾಕಲು ಆಗುತ್ತದೆಯೇ? ಹತ್ತಿರದಲ್ಲಿ ಬೇರೆ ಕೆರೆಗಳಿವೆಯೇ?

ಎರೆಹೊಲದವ
ತಂಗಿ, ಅಪ್ಪಾಜಿಯವರನ್ನು ನಸುಕಿನಲ್ಲಿ ಎಬ್ಬಿಸಿ ಕಷ್ಟ ಕೊಡಬೇಡಿ. ಅಷ್ಟು ಹೊತ್ತಿಗೆ ಹೆಬ್ಬಾತುಗಳು ಕೆರೆಯಲ್ಲಿ ಇರುವುದೇ ಅನುಮಾನ. ಕತ್ತಲಾಗುತ್ತಿದ್ದಂತೆ ಸಾಲುಗಟ್ಟಿ ಹೊಲಗಳಿಗೆ ಹೋಗಿ, ಮೇದು, ಬಿಸಿಲೇರಿದ ಮೇಲೆ ನೀರಿಗೆ ಬಂದು ಇಳಿಯುತ್ತವೆ. ಮೀನಿಗಾಗಿ ಬರುವ ಹಕ್ಕಿಯಲ್ಲ ಅದು. ಕೆರೆ ಅದಕ್ಕೆ ಮಲಗುವ ಕೋಣೆ, ನಮ್ಮ ಹೊಲ ಊಟದ ಮನೆ. ನನ್ನ ಕಡಲೆ ಹೊಲ ಅದರ ದಾರಿಯಲ್ಲೇ ಇದೆ, ಆದ್ದರಿಂದ ಇದು ಪುಸ್ತಕದ ಮಾತಲ್ಲ! ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಬಂದದ್ದಕ್ಕೆ ಹಸಿವಾಗದಿರುತ್ತದೆಯೇ ಎಂದು ನಮ್ಮ ಮನೆಯವಳು ಅದರ ಪರವಾಗಿಯೇ ವಾದಿಸುತ್ತಾಳೆ.

ತಿಂಡಿ ಮುಗಿಸಿ ಒಂಬತ್ತೂವರೆಗೆ ಬನ್ನಿ. ಲಕ್ಷ್ಮೇಶ್ವರದಿಂದ 11 ಕಿ.ಮೀ. ಅಷ್ಟೆ. ಪೂರ್ತಿ ಸುತ್ತುವ ಯೋಚನೆ ಬಿಡಿ. ಏರಿಯ ಮೇಲೆ ನಡೆದರೆ ಸಾಕು. ನೀರು ಹಿಂದೆ ಸರಿದ ಕಡೆ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲೇ ಎತ್ತಲಾಗುವುದಿಲ್ಲ. ಮಂಡಿನೋವಿನವರಿಗೆ ಅದು ಬೇಡವೇ ಬೇಡ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ ಕಂಡರೆ ಅದೇ ಪಟ್ಟೆತಲೆ ಹೆಬ್ಬಾತು. ದಡಕ್ಕೆ ಇಳಿಯಬೇಡಿ. ಒಂದು ಕುತ್ತಿಗೆ ಎತ್ತಿದರೆ ಹಿಂಡೆಲ್ಲ ಎದ್ದುಬಿಡುತ್ತದೆ.

ಕೊಕ್ಕರೆ ಕಣ್ಣು
ಮೇಲಿನವರ ಮಾತು ಸರಿ. ಆದರೆ ಫೋಟೋ ಬೇಕಿದ್ದರೆ ನಾನು ಸಂಜೆಯನ್ನೇ ಆರಿಸುತ್ತೇನೆ. ಹಿಂಡುಹಿಂಡಾಗಿ ಏಳುವಾಗಿನ ಗದ್ದಲ ಹಗಲಿನಲ್ಲಿ ಸಿಗುವುದಿಲ್ಲ. 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿಯ ಜೊತೆ ಮಾಗಡಿಗೂ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ಮನ್ನಣೆ, ಸಿಕ್ಕಿತು. ಕೆರೆ ಇರುವುದು ಸುಮಾರು 54 ಹೆಕ್ಟೇರ್ ಮಾತ್ರ, ಬರಿಗಣ್ಣಿಗೂ ಹಕ್ಕಿ ಕಾಣುತ್ತದೆ. ಆದರೂ ಬೈನಾಕ್ಯುಲರ್ ತನ್ನಿ.

ದಾವಣಗೆರೆಯವಳು
ಇಬ್ಬರಿಗೂ ಧನ್ಯವಾದ. ಅಪ್ಪಾಜಿಗೆ ಒಂಬತ್ತೂವರೆಯೇ ಇಷ್ಟವಾಯಿತು. ಮಾಗಡಿಯಲ್ಲಿ ಹಕ್ಕಿ ಕಡಿಮೆ ಇದ್ದರೆ?

ಎರೆಹೊಲದವ
ಶೆಟ್ಟಿಕೇರಿ ಕೆರೆಗೆ ಹೋಗಿ, ಅಲ್ಲಿಗೂ ಇವೇ ಹಕ್ಕಿಗಳು ಬರುತ್ತವೆ. ಮಳೆ ಕೈಕೊಟ್ಟ ವರ್ಷ ಎರಡೂ ಕಡೆ ನೀರು ತಳ ಕಂಡಿರುತ್ತದೆ, ಆದ್ದರಿಂದ ಹೊರಡುವ ಮುನ್ನ ಮದುವೆ ಮನೆಯವರನ್ನು ಕೇಳಿಕೊಳ್ಳಿ. ಬಿಸಿಲು ಹೆಚ್ಚಾದರೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ಅಪ್ಪಾಜಿಯವರು ಕೂರಲಿ. ನಂದಿಯ ಮೇಲೆ ಕುಳಿತ ಶಿವಪಾರ್ವತಿಯರನ್ನು ನೋಡಿದಂತೆಯೂ ಆಗುತ್ತದೆ. ಇನ್ನೊಂದು ಮಾತು, ಫೋಟೋದವರಿಗೂ ಸೇರಿಸಿ: ಹಕ್ಕಿಯ ಬೆನ್ನುಹತ್ತಿ ಹೊಲಕ್ಕೆ ನುಗ್ಗಬೇಡಿ. ಹೆಬ್ಬಾತು ತಿಂದು ಬಿಟ್ಟ ಕಡಲೆಯಾದರೂ ನಮಗೆ ಉಳಿಯಲಿ.