ಹಳೆಯ ಕಾಲೇಜು ಕಟ್ಟಡ ಉಳಿಸಬೇಕೋ, ಕೆಡವಬೇಕೋ? ಲೆಕ್ಕದಲ್ಲಿ ಸಹಾಯ ಬೇಕು

ನಮ್ಮ ವಿಶ್ವವಿದ್ಯಾಲಯ ಕಾಲೇಜಿನ ಆವರಣವನ್ನು ಪರಿಸರಸ್ನೇಹಿಯಾಗಿ ನವೀಕರಿಸುವ ಸಮಿತಿಯಲ್ಲಿದ್ದೇನೆ. ಹಳೆಯ ಪ್ರಯೋಗಾಲಯದ ಕಟ್ಟಡ ಗಟ್ಟಿಯಾಗಿದೆ, ಆದರೆ ವಿದ್ಯುತ್ ವಿಪರೀತ ಖರ್ಚಾಗುತ್ತದೆ. ಕೆಡವಿ ಹೊಸದು ಕಟ್ಟೋಣ ಎಂಬುದು ಹಲವರ ವಾದ. ನನಗೆ ಮನಸ್ಸೊಪ್ಪುತ್ತಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು 8% ಸಿಮೆಂಟಿನದೇ. ಗಟ್ಟಿ ಅಡಿಪಾಯ, ಕಂಬಗಳನ್ನು ಪುಡಿಮಾಡಿ ಮತ್ತೆ ಹೊಸ ಸಿಮೆಂಟ್ ಸುರಿಯುವುದು ಅನ್ಯಾಯ.

ಎರಡೂ ಆಯ್ಕೆಗಳ ಜೀವನಚಕ್ರದ ಲೆಕ್ಕವನ್ನು, ಅಂದರೆ ಕಟ್ಟುವುದರಿಂದ ಹಿಡಿದು ವರ್ಷಗಟ್ಟಲೆ ಬಳಸುವವರೆಗಿನ ಒಟ್ಟು ಹೊರಸೂಸುವಿಕೆಯ ಲೆಕ್ಕವನ್ನು, ತಂತ್ರಾಂಶವೊಂದರಲ್ಲಿ ಹಾಕಿದೆವು. 30 ವರ್ಷಕ್ಕೆ ದುರಸ್ತಿಯೇ ಲೇಸು. 60 ವರ್ಷಕ್ಕೆ ಹೊಸ ಕಟ್ಟಡವೇ ಮೇಲು! ತೊಡಕು ಇಲ್ಲಿಯೇ ಇದೆ: ಅಷ್ಟೂ ವರ್ಷ ವಿದ್ಯುತ್ ಇಂದಿನಷ್ಟೇ ಕಲ್ಲಿದ್ದಲಿನಿಂದ ಬರುತ್ತದೆ ಎಂದೇ ಆ ತಂತ್ರಾಂಶ ಹಿಡಿಯುತ್ತದೆ. ಸೌರ, ಪವನ ವಿದ್ಯುತ್ತಿನ ಪಾಲು ಏರಿದಂತೆ ಹೊಸ ಕಟ್ಟಡದ ಉಳಿತಾಯ ಕರಗುತ್ತದಲ್ಲವೇ?

ಇಂಥ ಹೋಲಿಕೆ ಮಾಡಿದವರು ದಯವಿಟ್ಟು ತಿಳಿಸಿ: ಎಷ್ಟು ವರ್ಷದ ಅವಧಿ ಹಿಡಿಯಬೇಕು? ವಿದ್ಯುತ್ತಿನ ಹೊರಸೂಸುವಿಕೆಯನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತಾ ಹೋಗಬೇಕೇ?